ಉಮುವೋಫಿಯಾದ ಮತದಾರ, ಶಿವಾಜಿನಗರದ ತರಗತಿ

ನೈಜೀರಿಯಾದ ಚಿನುವಾ ಅಚಿಬೆ ಬರೆದ ‘ದಿ ವೋಟರ್’ ಕಥೆಯನ್ನು ಕರ್ನಾಟಕದ ದ್ವಿತೀಯ ಪಿಯುಸಿ ಮಕ್ಕಳು ತಮ್ಮ ಇಂಗ್ಲಿಷ್ ಪಠ್ಯದಲ್ಲಿ ವರ್ಷಗಟ್ಟಲೆ ಓದಿದ್ದಾರೆ. ಉಮುವೋಫಿಯಾ ಎಂಬ ಊರಿನ ರೂಫಸ್ ಒಕೆಕೆ ಮಂತ್ರಿ ಮಾರ್ಕಸ್ ಇಬೆಯ ಪರವಾಗಿ ಓಟು ಕೂಡಿಸುವವನು. ಆ ಮಾರ್ಕಸ್ ಸಂಸ್ಕೃತಿ ಖಾತೆಯ ಮಂತ್ರಿ. ಊರಿನ ಹಿರಿಯರು ಓಟಿಗೆ ಕೊಟ್ಟ ಶಿಲಿಂಗು ಸಾಲದೆಂದು ಚೌಕಾಸಿ ಮಾಡಿ ಹೆಚ್ಚಿಸಿಕೊಳ್ಳುತ್ತಾರೆ. ಆಮೇಲೆ ಎದುರು ಪಕ್ಷದವರು ರೂಫಸ್‌ನ ಹತ್ತಿರವೇ ಬಂದು ಐದು ಪೌಂಡ್ ಅವನ ಮುಂದಿಟ್ಟು, ‘ಇಯಿ’ ಎಂಬ ಶಕ್ತಿವಸ್ತುವಿನ ಎದುರು ಆಣೆ ಹಾಕಿಸಿಕೊಳ್ಳುತ್ತಾರೆ. ಮತಗಟ್ಟೆಯ ಮರೆಯಲ್ಲಿ ನಿಂತ ರೂಫಸ್ ಕೊನೆಗೆ ಮತಪತ್ರವನ್ನು ಎರಡು ಹೋಳು ಮಾಡಿ, ಇಬ್ಬರ ಪೆಟ್ಟಿಗೆಗೂ ಒಂದೊಂದು ಹಾಕಿ, ಹೆಬ್ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೊರಗೆ ಬರುತ್ತಾನೆ.

ಬೆಂಗಳೂರಿನ ದಂಡಿನ (ಕಂಟೋನ್ಮೆಂಟ್) ಪ್ರದೇಶದ ಒಂದು ಪಿಯು ಕಾಲೇಜಿನಲ್ಲಿ ನಾನು ಈ ಕಥೆಯನ್ನು ಪಾಠ ಮಾಡುವಾಗ ಆದದ್ದನ್ನು ಇಲ್ಲಿ ವಿವರವಾಗಿ ಹೇಳಬೇಕು. ಶಿವಾಜಿನಗರದ ಬಸ್ ನಿಲ್ದಾಣ ಹತ್ತಿರವಿರುವ ಕಾಲೇಜುಗಳಿಗೆ ಬೆಂಗಳೂರಿನ ಪೂರ್ವಭಾಗದ ಮಕ್ಕಳೆಲ್ಲ ಬರುತ್ತಾರೆ. ಮನೆಯಲ್ಲಿ ತಮಿಳು ಆಡುವ ಹಲಸೂರಿನವರು, ದಖನಿ ಆಡುವ ಶಿವಾಜಿನಗರದವರು, ತೆಲುಗಿನವರು, ಕೆ.ಆರ್. ಪುರದ ಕಡೆಯಿಂದ ಬರುವ ಕನ್ನಡದವರು, ಅಪ್ಪ ಅಮ್ಮ ಬಿಹಾರದಿಂದಲೋ ಒಡಿಶಾದಿಂದಲೋ ಕೆಲಸ ಹುಡುಕಿಕೊಂಡು ಬಂದಿದ್ದರಿಂದ ಇಲ್ಲೇ ಬೆಳೆದವರು, ಎಲ್ಲರೂ ಒಂದೇ ಕೋಣೆಯಲ್ಲಿ ಇರುತ್ತಾರೆ. ಆಣೆಯ ಭಾಗ ಓದಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. “ಮಿಸ್, ಇದು ನಮ್ಮೂರಲ್ಲೂ ಮಾಡ್ತಾರೆ. ದುಡ್ಡಿನ ಜತೆಗೆ ಮಂಜುನಾಥ ಸ್ವಾಮಿ ಫೋಟೊ ಇಟ್ಟು ಆಣೆ ಹಾಕಿಸ್ತಾರೆ.” ಇನ್ನೊಬ್ಬ, “ನಮ್ಮ ಗಲ್ಲೀಲಿ ಕುರಾನ್ ಮುಟ್ಟಿಸಿದ್ರು ಅಂತ ದಾದಿ ಹೇಳ್ತಿದ್ರು” ಎಂದ. ಮುಂದಿನ ಸಾಲಿನ ಹುಡುಗಿ ಆರೋಗ್ಯಮಾತೆಯ ಹೆಸರು ತಂದಳು. ತರಗತಿಯೆಲ್ಲ ನಗು. ನೈಜೀರಿಯಾ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಬೀಳಲಿಲ್ಲ. ಇಗ್ಬೋ ಜನರ ಊರೊಂದು ನಮ್ಮ ಕ್ಷೇತ್ರದ ಪಕ್ಕಕ್ಕೇ ಬಂದು ನಿಂತಿತ್ತು.

ಇಂಥ ಗಳಿಗೆ ಬಂದರೆ ಅಧ್ಯಾಪಕರಿಗೆ ಖುಷಿಯಾಗುತ್ತದೆ. ದೂರದ ಕಥೆ ಮಕ್ಕಳಿಗೆ ದಕ್ಕಿತು, ‘ಎಲ್ಲ ಮನುಷ್ಯರೂ ಒಂದೇ’ ಎಂಬ ಮಾತಿನಿಂದ ಪಾಠ ಮುಗಿಸಬಹುದು ಎನ್ನಿಸುತ್ತದೆ. ನನ್ನ ಅನುಭವದಲ್ಲಿ ಪಾಠ ಶುರುವಾಗುವುದೇ ಆ ಮಾತನ್ನು ತಡೆದು ಹಿಡಿದಾಗ. ಆ ದಿನ ಅದನ್ನು ತಡೆದದ್ದು ನಾನಲ್ಲ, ಒಬ್ಬ ಹುಡುಗಿ. “ಮಿಸ್, ಚೀಟಿ ಹರಿದು ಅರ್ಧ ಹಾಕಿದ್ರೆ ಆಣೆ ಉಳೀತಾ, ಮುರೀತಾ?” ಎಂದು ಕೇಳಿದಳು.

ಆ ಪ್ರಶ್ನೆಯ ನಂತರ ತರಗತಿ ಒಂದಾಗಿ ಉಳಿಯಲಿಲ್ಲ. ಫೋಟೊ ಮಾತು ತೆಗೆದ ಹುಡುಗ, ಆಣೆ ಮುರಿದರೂ ದಾರಿ ಇದೆ, ದೇವಸ್ಥಾನಕ್ಕೆ ಹೋಗಿ ತಪ್ಪುಕಾಣಿಕೆ ಹಾಕಬೇಕು ಎಂದ. ಅವನ ಪಕ್ಕದ ಹುಡುಗ ನೀಯತ್ತು ಮುಖ್ಯ ಎಂದ. ಮನಸ್ಸಿನಲ್ಲಿ ಮೋಸ ಇದ್ದರೆ ಪೂರ್ತಿ ಚೀಟಿ ಹಾಕಿದರೂ ಅದು ಮೋಸವೇ ಎಂಬುದು ಅವನ ವಾದ. ಕಸಮ್ ಮುರಿದರೆ ಕಫ್ಫಾರಾ ಕೊಡಬೇಕು, ಹತ್ತು ಜನ ಬಡವರಿಗೆ ಊಟ ಹಾಕಬೇಕು ಎಂದು ಇನ್ನೊಬ್ಬಳು ಸೇರಿಸಿದಳು. ಮಾತೆಯ ಹೆಸರು ತಂದವಳು, ಫಾದರ್ ಹತ್ತಿರ ಹೋಗಿ ಪಾಪನಿವೇದನೆ ಮಾಡಬೇಕಾಗುತ್ತದೆ ಎಂದಳು. ಅಷ್ಟು ಹೊತ್ತು ‘ನಮ್ಮಲ್ಲೂ ಹೀಗೇ’ ಎಂದು ಒಟ್ಟಿಗೆ ನಕ್ಕವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಆಣೆ ಎಂದರೆ ಏನು, ಅದು ಯಾರಿಗೆ ಕೊಟ್ಟ ಮಾತು, ಅದನ್ನು ಮುರಿದರೆ ಲೆಕ್ಕ ಯಾರ ಹತ್ತಿರ ತೀರಿಸಬೇಕು, ಈ ವಿಷಯದಲ್ಲಿ ಒಂದೇ ಬೆಂಚಿನಲ್ಲಿ ಕೂತ ಮೂವರು ಮೂರು ದಿಕ್ಕಿನಲ್ಲಿದ್ದರು. ಒಂದೇ ಬಸ್ಸಿನಲ್ಲಿ ಬಂದು ಒಂದೇ ಡಬ್ಬಿಯಲ್ಲಿ ತಿನ್ನುವ ಗೆಳೆಯರಿಗೆ ಇದು ಗೊತ್ತಿರಲಿಲ್ಲ. ಗೊತ್ತಾಗುವಂತೆ ಮಾಡಿದ್ದು ಇವರ್ಯಾರಿಗೂ ಸೇರದ ಇಗ್ಬೋ ಜನರ ‘ಇಯಿ’.

ಇಂಗ್ಲಿಷ್ ಕಲಿಸುವವರ ನಡುವೆ ‘ಅಂತರ್‌ಸಾಂಸ್ಕೃತಿಕ ಸಾಮರ್ಥ್ಯ’ ಎಂಬ ಮಾತು ಬಹಳ ದಿನದಿಂದ ಓಡಾಡುತ್ತಿದೆ. 1997ರಲ್ಲಿ ಬ್ರಿಟನ್ನಿನ ಮೈಕಲ್ ಬೈರಮ್ ಅದರ ಮೇಲೆ ಬರೆದ ಪುಸ್ತಕ ಪ್ರಸಿದ್ಧ. ತಿಳಿವಳಿಕೆ, ಕೌಶಲ, ವಿಮರ್ಶೆ ಎಂದೆಲ್ಲ ವಿಂಗಡಿಸಿದ ಆ ಪುಸ್ತಕದಲ್ಲಿ ನನಗೆ ಬೇಕಾದದ್ದು ಮನೋಭಾವದ ಬಗ್ಗೆ ಅವರು ಹೇಳುವ ಒಂದು ಮಾತು. ಪರರ ನಡವಳಿಕೆಯ ಮೇಲಿನ ಅಪನಂಬಿಕೆಯನ್ನು ಸ್ವಲ್ಪ ಹೊತ್ತು ಬದಿಗಿಡಬೇಕು, ಅದೇ ಹೊತ್ತಿಗೆ ತನ್ನದರ ಮೇಲಿನ ನಂಬಿಕೆಯನ್ನೂ ಬದಿಗಿಡಬೇಕು ಎಂಬುದು ಅದರ ಸಾರ. ಮೊದಲನೆಯದನ್ನು ಸೌಜನ್ಯ ಇದ್ದವರು ಯಾರಾದರೂ ಮಾಡಬಲ್ಲರು. ಎರಡನೆಯದು ಕಷ್ಟ. ‘ಇಯಿ’ಯನ್ನು ನಮ್ಮ ಆಣೆಯಂತೆಯೇ ಎಂದು ಒಪ್ಪಿಕೊಳ್ಳುವುದರಲ್ಲಿ ನಾವು ಕಳೆದುಕೊಳ್ಳುವುದು ಏನೂ ಇಲ್ಲ. ನಮ್ಮ ಆಣೆಯೇ ವಿಚಿತ್ರವಾಗಿ ಕಾಣುವಷ್ಟು ಹೊತ್ತು ಕಥೆಯೊಳಗೆ ನಿಲ್ಲಬೇಕು. ಹಾಗೆ ನಿಲ್ಲಲು ಕಲಿಸುವುದು ಸಾಹಿತ್ಯಕ್ಕೆ ಸಾಧ್ಯ, ಪ್ರವಾಸಿ ಕೈಪಿಡಿಗೆ ಸಾಧ್ಯವಿಲ್ಲ ಎಂಬುದು ನನ್ನ ನಂಬಿಕೆ.

ಈ ಊರಿನಲ್ಲಿ ಇದಕ್ಕೆ ಇನ್ನೊಂದು ಹಿನ್ನೆಲೆ ಇದೆ. ಇಂಗ್ಲಿಷ್ ಬೋಧನೆಯ ಜಗತ್ತಿಗೆ ಬೆಂಗಳೂರಿನ ಹೆಸರು ಗೊತ್ತಿರುವುದು ಸಾಫ್ಟ್‌ವೇರ್‌ನಿಂದ ಅಲ್ಲ, ‘ಬೆಂಗಳೂರು ಪ್ರಾಜೆಕ್ಟ್’ನಿಂದ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಅದು ನಡೆಯಿತು. ಇಲ್ಲಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ, ಬ್ರಿಟಿಷ್ ಕೌನ್ಸಿಲ್ ಎರಡೂ ಅದರ ಜೊತೆಗಿದ್ದವು. ವ್ಯಾಕರಣವನ್ನು ಮುಂದಿಟ್ಟು ಕಲಿಸುವ ಬದಲು ಮಕ್ಕಳ ಮುಂದೆ ಒಂದು ಕೆಲಸ ಇಡುವುದು, ರೈಲ್ವೆ ವೇಳಾಪಟ್ಟಿ ನೋಡಿ ಯಾವ ರೈಲು ಹಿಡಿಯಬೇಕು ಎಂದು ತೀರ್ಮಾನಿಸುವುದು, ನಕ್ಷೆ ನೋಡಿ ದಾರಿ ಹೇಳುವುದು. ಮನಸ್ಸು ಅರ್ಥದ ಹಿಂದೆ ಹೋದರೆ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಎಂಬ ನಂಬಿಕೆ ಅದರ ತಳದಲ್ಲಿತ್ತು. ಕಾರ್ಯಾಧಾರಿತ ಬೋಧನೆ ಎಂದು ಇವತ್ತು ಪ್ರಪಂಚವೆಲ್ಲ ಕರೆಯುವ ಪದ್ಧತಿಯ ಒಂದು ಬೇರು ನಮ್ಮ ಶಾಲೆಗಳ ಕಲ್ಲು ಹಾಸಿನ ಕೋಣೆಗಳಲ್ಲಿದೆ. ಈ ವಿಷಯ ಕನ್ನಡದಲ್ಲಿ ಯಾಕೆ ಇಷ್ಟು ಕಡಿಮೆ ಚರ್ಚೆಯಾಗಿದೆ ಎಂದು ನನಗೆ ಬೇಸರವಿದೆ.

ಪ್ರಭು ತಮ್ಮ 1987ರ ಪುಸ್ತಕದಲ್ಲಿ ಕೆಲಸಗಳನ್ನು ಮೂರಾಗಿ ನೋಡುತ್ತಾರೆ. ಮಾಹಿತಿಯ ಅಂತರ, ತರ್ಕದ ಅಂತರ, ಅಭಿಪ್ರಾಯದ ಅಂತರ. ಕಥೆಯನ್ನು ಮುಂದುವರಿಸುವುದು, ಸಮಾಜದ ಪ್ರಶ್ನೆಯೊಂದನ್ನು ಚರ್ಚಿಸುವುದು ಮೂರನೆಯ ಬಗೆಗೆ ಸೇರುತ್ತವೆ. ಅವರ ತರಗತಿಗಳಿಗೆ ಚೆನ್ನಾಗಿ ಒಗ್ಗಿದ್ದು ಎರಡನೆಯದು, ತರ್ಕದ ಕೆಲಸ. ಅಲ್ಲಿ ಸರಿ ತಪ್ಪು ಖಚಿತವಾಗಿರುತ್ತದೆ, ಹಿಂದುಳಿದ ಮಗುವಿಗೂ ‘ನಾನು ಗೆದ್ದೆ’ ಎನ್ನಿಸುತ್ತದೆ. ಅಭಿಪ್ರಾಯದ ಕೆಲಸದಲ್ಲಿ ಆ ಆಸರೆ ಇಲ್ಲ. ಭಾಷೆ ಇನ್ನೂ ಬಾರದ ಮಗು ಅಭಿಪ್ರಾಯ ಹೇಳಲು ಹೆದರುತ್ತದೆ. ಅವರ ಈ ಎಚ್ಚರವನ್ನು ನಾನು ಗೌರವಿಸುತ್ತೇನೆ, ಏಕೆಂದರೆ ಆ ಹೆದರಿಕೆ ಎಷ್ಟು ನಿಜ ಎಂದು ಮೂಲೆಯ ಬೆಂಚುಗಳನ್ನು ನೋಡಿದವರಿಗೆ ಗೊತ್ತು. ಆದರೂ ರೂಫಸ್‌ನ ಚೀಟಿಯ ವಿಷಯಕ್ಕೆ ಎದ್ದು ನಿಂತ ಮಕ್ಕಳಲ್ಲಿ ಇಂಗ್ಲಿಷಿನಲ್ಲಿ ನೆಟ್ಟಗೆ ಎರಡು ವಾಕ್ಯ ಆಡಲಾರದವರೂ ಇದ್ದರು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ನಡುವೆ ಒಂದು ಉರ್ದು ಮಾತು, ಹೀಗೆ ಆಡಿದರು. ಹೇಳಲೇಬೇಕಾದ ಮಾತು ಒಳಗಿದ್ದರೆ ಮಗು ಭಾಷೆಯನ್ನು ಎಲ್ಲೆಲ್ಲಿಂದಲೋ ಎಳೆದು ತರುತ್ತದೆ. ದಂಡಿನಲ್ಲಿ ಅಭಿಪ್ರಾಯದ ಅಂತರವನ್ನು ಪಠ್ಯ ಮಾಡುವವರು ತಯಾರಿಸಿಕೊಡಬೇಕಿಲ್ಲ. ಅದು ಹಾಜರಿ ಪುಸ್ತಕದಲ್ಲೇ ಇರುತ್ತದೆ.

ದಂಡು ಹುಟ್ಟಿದ್ದು 1809ರಲ್ಲಿ. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದರೂ ಈ ಭಾಗ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಪೇಟೆ, ದಂಡು ಎರಡೂ ಒಂದು ನಗರಸಭೆಯ ಅಡಿಗೆ ಬಂದದ್ದು 1949ರಲ್ಲಿ. ಸೈನ್ಯದ ಹಿಂದೆ ಬಂದ ತಮಿಳರು, ಉರ್ದು ಮಾತಿನವರು, ತೆಲುಗರು ಇಲ್ಲಿ ತಲೆಮಾರುಗಳಿಂದ ಇದ್ದಾರೆ. ಹಾಗೆ ನೋಡಿದರೆ ಒಂದು ಭಾಷೆಯ ಸಾಹಿತ್ಯವನ್ನು ಇನ್ನೊಂದಕ್ಕೆ ದಾಟಿಸುವ ಕೆಲಸವೂ ಇಲ್ಲಿ ಹಳೆಯದೇ. ತಿರುಕ್ಕುರಳ್‌ನ 1330 ದ್ವಿಪದಿಗಳನ್ನು ಇಂಗ್ಲಿಷಿಗೆ ತಂದು 1886ರಲ್ಲಿ ಪ್ರಕಟಿಸಿದ ಜಿ.ಯು. ಪೋಪ್, ಅದಕ್ಕೂ ಮುಂಚೆ 1870ರ ದಶಕದಲ್ಲಿ ಇದೇ ದಂಡಿನ ಬಿಷಪ್ ಕಾಟನ್ ಶಾಲೆಯ ಮುಖ್ಯಸ್ಥರಾಗಿದ್ದವರು. ಕುರಳನ್ನು ತಮಿಳು ಲಿಪಿಯಲ್ಲಿ ಓದಲಾರದ ಹಲಸೂರಿನ ಎಷ್ಟೋ ತಮಿಳು ಮಕ್ಕಳಿಗೆ ಇವತ್ತು ಅದು ಇಂಗ್ಲಿಷಿನ ಮೂಲಕವೇ ಸಿಗುತ್ತದೆ. ಅವರ ಪಕ್ಕದ ಕನ್ನಡದ ಮಗುವಿಗೂ ಹಾಗೆಯೇ.

ಹಲಸೂರು ಕೆರೆಯ ಹತ್ತಿರದ, ಆ ಕುರಳಿನ ಕವಿ ತಿರುವಳ್ಳುವರ್ ಪ್ರತಿಮೆಯ ಕಥೆ ಈ ಊರಿನವರಿಗೆ ಗೊತ್ತು. 1991ರಲ್ಲಿ ನಿಲ್ಲಿಸಿದ್ದು, 2009ರ ಆಗಸ್ಟ್ ತನಕ ಮುಸುಕು ಹಾಕಿಕೊಂಡೇ ಇತ್ತು. ಅದೇ ತಿಂಗಳು ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು, ಇಲ್ಲಿ ವಳ್ಳುವರ್ ಮುಸುಕು ತೆಗೆದ. ಎರಡೂ ಸರ್ಕಾರಗಳು ಮಾಡಿದ್ದು ಒಳ್ಳೆಯ ಕೆಲಸ. ಆದರೆ 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಈ ನಗರದಲ್ಲಿ ತಮಿಳರ ಮೇಲೆ ನಡೆದದ್ದು, 1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ಕಾರಣಕ್ಕೆ ನಡೆದದ್ದು, ಎರಡರಲ್ಲೂ ಜೀವಗಳು ಹೋದವು. ಪರಸಂಸ್ಕೃತಿಯ ಅರಿವು ಎಂದರೆ ಲಂಡನ್ನಿನ ಊಟದ ಮೇಜಿನ ರೀತಿ ರಿವಾಜು ಎಂದು ತಿಳಿದವರಿಗೆ ಈ ಎರಡು ತಾರೀಖುಗಳನ್ನು ತೋರಿಸಬೇಕು. ನಮ್ಮ ತರಗತಿಗಳಲ್ಲಿ ಕೂತಿರುವವರು ಅಂದು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದವರ ಮಕ್ಕಳು, ಮೊಮ್ಮಕ್ಕಳು. ಹೊರಗೆ ನಿಂತಿದ್ದವರ ಮಕ್ಕಳೂ ಅದೇ ಸಾಲಿನಲ್ಲಿದ್ದಾರೆ.

ಪರಸಂಸ್ಕೃತಿಯ ಅರಿವಿನ ವಿಷಯದಲ್ಲಿ ಕನ್ನಡಕ್ಕೆ ಇಂಗ್ಲಿಷ್ ತರಗತಿಯ ಋಣ ದೊಡ್ಡದು. ಬಿ.ಎಂ. ಶ್ರೀಕಂಠಯ್ಯ (ಬಿಎಂಶ್ರೀ), ವಿ.ಕೃ. ಗೋಕಾಕ್, ಗೋಪಾಲಕೃಷ್ಣ ಅಡಿಗ, ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್, ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ. ಸಮುದ್ರಯಾನದಲ್ಲಿದ್ದ ನ್ಯೂಮನ್ ಎಂಬ ಪಾದ್ರಿ 1833ರಲ್ಲಿ ಬರೆದ ಕ್ರೈಸ್ತ ಪ್ರಾರ್ಥನೆ ಬಿಎಂಶ್ರೀ ಕೈಯಲ್ಲಿ ಕನ್ನಡವಾಗಿ, ಅದು ಎಲ್ಲಿಂದ ಬಂತೆಂದು ತಿಳಿಯದ ಲಕ್ಷಾಂತರ ಮಕ್ಕಳು ಶಾಲೆಯ ಅಂಗಳದಲ್ಲಿ ಹಾಡುವ ಹಾಡಾಯಿತು. ಸೊಫೊಕ್ಲಿಸನ ಏಜಾಕ್ಸ್ ಅವರ ನಾಟಕದಲ್ಲಿ ಅಶ್ವತ್ಥಾಮನಾದ. ಇಲ್ಲಿ ನಡೆದದ್ದು ವೇಷ ಬದಲಾವಣೆ ಮಾತ್ರವಲ್ಲ. ನಮ್ಮ ಪುರಾಣಗಳಲ್ಲಿ ಅಶ್ವತ್ಥಾಮ ಚಿರಂಜೀವಿ, ಗ್ರೀಕ್ ರುದ್ರನಾಟಕದ ನಿಯಮದಲ್ಲಿ ಏಜಾಕ್ಸ್ ಸಾಯಲೇಬೇಕು. ಬಿಎಂಶ್ರೀ ಅಶ್ವತ್ಥಾಮನನ್ನು ಸಾಯಿಸಿದರು. ಚಿರಂಜೀವಿಯನ್ನು ಕೊಂದದ್ದಕ್ಕೆ ಆಕ್ಷೇಪ ಬಂತು. ಬರದೆ ಇರುತ್ತದೆಯೇ? ಪರದೇಶದ ಕಥೆ ನಮ್ಮ ಮನೆಗೆ ಬಂದಾಗ ನಮ್ಮ ಒಂದು ನಂಬಿಕೆಯ ಮೇಲೆ ಕೈ ಇಟ್ಟಿತು. ಆಣೆ ಉಳಿಯಿತೇ ಮುರಿಯಿತೇ ಎಂದು ಆ ಹುಡುಗಿ ಕೇಳಿದಾಗ ನಡೆದದ್ದೂ ಅದೇ, ಸಣ್ಣ ಅಳತೆಯಲ್ಲಿ.

ಬಿಎಂಶ್ರೀ ಅವರ ಕಾಲದಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಶೇಕ್ಸ್‌ಪಿಯರ್ ಓದಿದ ಹುಡುಗರಿಗೂ ಶಿವಾಜಿನಗರದ ಈ ಮಕ್ಕಳಿಗೂ ಒಂದು ವ್ಯತ್ಯಾಸ ಇದೆ, ಅದು ನನ್ನನ್ನು ಬಹಳ ಕಾಡಿದೆ. ಆ ಹುಡುಗರಿಗೆ ಇಂಗ್ಲಿಷಿನಲ್ಲಿ ಸುತ್ತಾಡಿ ಮರಳಿ ಬರಲು ಒಂದು ತುಂಬಿದ ಕನ್ನಡ ಇತ್ತು, ಪಂಪ ಕುಮಾರವ್ಯಾಸರಿದ್ದರು. ಈ ಮಕ್ಕಳು ಎಲ್ಲಿಗೆ ಮರಳಬೇಕು? ಮನೆಯಲ್ಲಿ ಆಡುವ ತಮಿಳನ್ನು ಓದಲು ಬಾರದು. ಆಡುವುದು ದಖನಿ, ಶಾಲೆಯ ಪುಸ್ತಕದಲ್ಲಿರುವುದು ಲಖನೌ ದೆಹಲಿಯ ಉರ್ದು, ಅವರ ಮಾತನ್ನು ಅದು ತಪ್ಪೆಂದು ತಿದ್ದುತ್ತದೆ. ಕನ್ನಡ ಪರೀಕ್ಷೆಗೆ ಓದಿದ್ದು, ಬೀದಿಯಲ್ಲಿ ಕಲಿತದ್ದು, ಮನೆಯಲ್ಲಿ ಕೇಳಿದ್ದಲ್ಲ. ಪರಸಂಸ್ಕೃತಿಯನ್ನು ಅರಿಯಲು ಮೊದಲು ಸ್ವಂತ ಸಂಸ್ಕೃತಿ ಗಟ್ಟಿ ಇರಬೇಕು ಎಂದು ಹೇಳುವವರು ಈ ಮಕ್ಕಳ ಎದುರು ನಿಂತು ಹೇಳಲಿ. ಅವರಿಗೆ ಸ್ವಂತದ್ದು ಇಲ್ಲವೆಂದಲ್ಲ. ಅದು ಇನ್ನೂ ಯಾವ ಪಠ್ಯಕ್ಕೂ ಏರಿಲ್ಲ. ನಾಲ್ಕು ಭಾಷೆಗಳ ನಡುವೆ ದಿನಕ್ಕೆ ನೂರು ಸಲ ದಾಟುವ ಅವರ ಜಾಣ್ಮೆಯನ್ನು ಒಂದು ಪ್ರಶ್ನೆಪತ್ರಿಕೆಯೂ ಅಳೆದಿಲ್ಲ.

ಇಂದಿರಾನಗರದ ಸಿಬಿಎಸ್‌ಇ ಶಾಲೆಗಳಲ್ಲಿ ಹನ್ನೆರಡನೆಯ ತರಗತಿಯವರು ಆಲ್ಫಾನ್ಸ್ ದೊದೆಯ ‘ದಿ ಲಾಸ್ಟ್ ಲೆಸನ್’ ಓದುತ್ತಾರೆ. 1870–71ರ ಯುದ್ಧದಲ್ಲಿ ಫ್ರಾನ್ಸ್ ಸೋತು ಆಲ್ಸೇಸ್ ಪ್ರಾಂತ ಜರ್ಮನರ ಕೈಗೆ ಹೋಗುತ್ತದೆ. ಶಾಲೆಗಳಲ್ಲಿ ಇನ್ನು ಮುಂದೆ ಜರ್ಮನ್ ಮಾತ್ರ ಎಂದು ಆದೇಶ ಬರುತ್ತದೆ. ಹಾಮೆಲ್ ಮೇಷ್ಟ್ರು ತಮ್ಮ ಕೊನೆಯ ಫ್ರೆಂಚ್ ಪಾಠ ಮಾಡುತ್ತಾರೆ. ಓದಿದವರ ಕಣ್ಣು ತೇವವಾಗುವ ಕಥೆ. ಮಾತೃಭಾಷಾ ಪ್ರೇಮದ ಕಥೆ ಎಂದು ಪಾಠ ಮಾಡಿ, ಪ್ರಶ್ನೋತ್ತರ ಬರೆಸಿ, ಮುಂದಿನ ಪಾಠಕ್ಕೆ ಹೋಗುತ್ತೇವೆ. ಆದರೆ ಆಲ್ಸೇಸಿನ ಹಳ್ಳಿಯ ಮನೆಗಳಲ್ಲಿ ಅಂದು ಹೆಚ್ಚಿನವರು ಆಡುತ್ತಿದ್ದದ್ದು ಫ್ರೆಂಚ್ ಅಲ್ಲ, ಜರ್ಮನ್ ಕುಲಕ್ಕೆ ಸೇರಿದ ಆಲ್ಸೇಸಿಯನ್. ಫ್ರೆಂಚ್ ಅಲ್ಲಿಯ ಶಾಲೆಯ, ಸರ್ಕಾರದ ಭಾಷೆ. ಭಾಷೆಯನ್ನು ಕಾಪಾಡಿಕೊಂಡ ಗುಲಾಮರ ಕೈಯಲ್ಲಿ ಬೀಗದ ಕೈ ಇದ್ದಂತೆ ಎಂಬ ಅರ್ಥದ ಮಾತನ್ನು ಹಾಮೆಲ್ ಮಕ್ಕಳಿಗೆ ಹೇಳುತ್ತಾರಲ್ಲ, ಅದರ ಮೂಲ ಪ್ರೊವೆನ್ಸಾಲ್ ಭಾಷೆಯ ಕವಿ ಮಿಸ್ತ್ರಾಲ್‌ನದು. ದೊದೆ ಸ್ವತಃ ಆ ದಕ್ಷಿಣ ಸೀಮೆಯವನು. ಪ್ರೊವೆನ್ಸಾಲನ್ನು ತರಗತಿಯಿಂದ ಹೊರಗಿಟ್ಟದ್ದು ಅದೇ ಫ್ರೆಂಚ್ ಶಾಲೆಗಳು.

ಇದನ್ನು ತಿಳಿದ ಮೇಲೆ ಕಥೆಯ ಬೆಲೆ ಕಡಿಮೆಯಾಗುವುದಿಲ್ಲ, ನೋವು ಹೆಚ್ಚಾಗುತ್ತದೆ. ಹಾಮೆಲ್ ಮೇಷ್ಟ್ರ ದುಃಖ ನಿಜ. ಅವರ ತರಗತಿಯಲ್ಲಿ ಕೂತ ಮಗುವಿಗೆ ಮನೆಮಾತು ಬೇರೆ ಇತ್ತು ಎಂಬುದೂ ನಿಜ. ಈ ಎರಡು ನಿಜಗಳನ್ನು ಒಟ್ಟಿಗೆ ಹಿಡಿದುಕೊಳ್ಳಲು ಬೆಂಗಳೂರಿನ ಪೂರ್ವದ ಮಗುವಿಗಿಂತ ಯೋಗ್ಯ ಓದುಗರು ಎಲ್ಲಿ ಸಿಕ್ಕಾರು? ಕನ್ನಡವನ್ನು ಪ್ರೀತಿಸುವ ನಾನು ಈ ಕಥೆಯನ್ನು ಓದುವಾಗ ಸಹಜವಾಗಿಯೇ ಹಾಮೆಲ್ ಪಕ್ಕ ನಿಲ್ಲುತ್ತೇನೆ, ಇಂಗ್ಲಿಷ್ ಶಾಲೆಗಳಿಂದ ಕನ್ನಡ ಹೊರಗೆ ಹೋಗುತ್ತಿರುವುದು ಕಣ್ಣಮುಂದೆ ಬರುತ್ತದೆ. ನನ್ನ ಎದುರು ಕೂತ ತಮಿಳು ಮನೆಯ ಮಗುವಿಗೆ ನಾನೇ ಹಾಮೆಲ್ ಆಗಿಯೂ ಆದೇಶ ತಂದವರಾಗಿಯೂ ಕಾಣಬಹುದು. ಅದನ್ನು ಹೇಳಲು ಆ ಮಗುವಿಗೆ ಕನ್ನಡದಲ್ಲಿ ಸಂಕೋಚ, ತಮಿಳಿನಲ್ಲಿ ಹೇಳಿದರೆ ನನಗೆ ಅರ್ಥವಾಗದು. ದೂರದ ಆಲ್ಸೇಸಿನ ಹುಡುಗ ಫ್ರಾಂಜ್‌ನ ಹೆಸರಿನಲ್ಲಿ ಹೇಳಿದರೆ ಇಬ್ಬರಿಗೂ ಹಗುರ. ಕನ್ನಡ ನೆಲದಲ್ಲಿ ಕನ್ನಡ ಉಳಿಯಬೇಕು ಎಂಬ ನನ್ನ ನಿಲುವು ಆ ಮಾತಿನಿಂದ ಬದಲಾಗುವುದಿಲ್ಲ. ಅದನ್ನು ಹೇಳುವ ದನಿ ಬದಲಾಗುತ್ತದೆ.

ಹಾಗಾದರೆ ಇಂಗ್ಲಿಷ್ ಯಾರಿಗೂ ಸೇರದ ಸಮತಟ್ಟು ನೆಲವೇ? ಖಂಡಿತ ಅಲ್ಲ. ಇಂಗ್ಲಿಷ್ ಸಾಹಿತ್ಯ ಒಂದು ಪಠ್ಯವಿಷಯವಾಗಿ ಇಂಗ್ಲೆಂಡಿಗಿಂತ ಮೊದಲು ಭಾರತದಲ್ಲಿ, ಆಳುವವರ ಅಗತ್ಯಕ್ಕಾಗಿ ರೂಪುಗೊಂಡಿತು ಎಂದು ಗೌರಿ ವಿಶ್ವನಾಥನ್ 1989ರಲ್ಲಿ ವಿವರವಾಗಿ ತೋರಿಸಿದ್ದಾರೆ. ಆಗ ಕಲಿಯುವವರು ಆಳುವವರನ್ನು ಅರಿಯಬೇಕಿತ್ತು, ಆಳುವವರು ಇವರನ್ನು ಅರಿಯಬೇಕಾಗಿರಲಿಲ್ಲ. ಈ ನಗರದ ಕಾಲ್ ಸೆಂಟರುಗಳ ತರಬೇತಿಯಲ್ಲಿ ಅದೇ ಏಕಮುಖ ದಾರಿ ಮುಂದುವರಿಯಿತು. ಅಮೆರಿಕದ ಹಬ್ಬಗಳು, ಅಲ್ಲಿಯ ಉಚ್ಚಾರಣೆ, ಸಿಟ್ಟಾದ ಗಿರಾಕಿಯನ್ನು ಸಮಾಧಾನ ಮಾಡುವ ಬಗೆ, ಎಲ್ಲವನ್ನೂ ಹುಡುಗ ಹುಡುಗಿಯರು ಕಲಿತರು. ಆ ತುದಿಯಲ್ಲಿದ್ದವರಿಗೆ ದಸರಾ ರಂಜಾನ್ ಏನೆಂದು ಗೊತ್ತಿರಬೇಕೆಂದು ಯಾರೂ ಕೇಳಲಿಲ್ಲ. ಇದನ್ನೂ ಅಂತರ್‌ಸಾಂಸ್ಕೃತಿಕ ಸಾಮರ್ಥ್ಯ ಎಂದೇ ಕರೆಯಲಾಗುತ್ತದೆ. ನಾನು ಕರೆಯುವುದಿಲ್ಲ. ಅದರಿಂದ ಮನೆಗೆ ಅನ್ನ ಬಂದಿದೆ, ಆ ಅನ್ನದ ಬಗ್ಗೆ ನನಗೆ ಗೌರವ ಇದೆ. ಆದರೆ ಅಲ್ಲಿ ಕಲಿಸಿದ್ದು ಗಿರಾಕಿಯ ಸೇವೆ. ತರಗತಿಯೊಳಗೂ ನೆಲ ಸಮತಟ್ಟಲ್ಲ. ಇಂಗ್ಲಿಷ್ ಊಟದ ಹೊತ್ತಿನ ಮಾತಾಗಿರುವ ಮನೆಯ ಮಗುವೂ, ಇಂಗ್ಲಿಷ್ ಕೆಲಸದ ಇಂಟರ್‌ವ್ಯೂಗೆ ಮಾತ್ರ ಬೇಕಾದ ಮನೆಯ ಮಗುವೂ ಒಂದೇ ಕಥೆ ಓದಿದಾಗ ಯಾರ ಬಾಯಿ ಮೊದಲು ತೆರೆಯುತ್ತದೆ ಎಂಬುದು ಅಧ್ಯಾಪಕರೆಲ್ಲರಿಗೂ ಗೊತ್ತು. ಅದಕ್ಕೇ ನಾನು ಚರ್ಚೆಗೆ ಭಾಷೆಯ ನಿರ್ಬಂಧ ಹಾಕುವುದಿಲ್ಲ. ಓದುವುದು ಇಂಗ್ಲಿಷಿನಲ್ಲಿ, ಜಗಳ ಬೇಕಾದ ಭಾಷೆಯಲ್ಲಿ, ಬರೆಯುವುದು ಮತ್ತೆ ಇಂಗ್ಲಿಷಿನಲ್ಲಿ. ಬರವಣಿಗೆ ಇದರಿಂದ ಕೆಟ್ಟದ್ದನ್ನು ನಾನು ಕಂಡಿಲ್ಲ.

‘ದಿ ವೋಟರ್’ ಇರುವ ಅದೇ ದ್ವಿತೀಯ ಪಿಯುಸಿ ಪಠ್ಯದಲ್ಲಿ ಚಲ್ಲಪಲ್ಲಿ ಸ್ವರೂಪರಾಣಿ ಅವರ ‘ವಾಟರ್’ ಎಂಬ ಕವಿತೆ ಇದೆ. ತೆಲುಗಿನಿಂದ ಇಂಗ್ಲಿಷಿಗೆ ಬಂದದ್ದು. ಊರಿಗೂ ಕೇರಿಗೂ ನಡುವೆ ನೀರು ಎಳೆದ ಗೆರೆ, ಬಾವಿಯ ಹತ್ತಿರ ಖಾಲಿ ಕೊಡ ಹಿಡಿದು ಮೇಲ್ಜಾತಿಯವರು ಬಂದು ಹುಯ್ಯುವ ತನಕ ಕಾಯುವುದು, ಮಹಾಡಿನ ಕೆರೆಯ ಹೋರಾಟ, ಕಾರಂಚೇಡಿನಲ್ಲಿ ಕೊಡ ಎತ್ತಿ ಎದುರು ನಿಂತ ಹೆಣ್ಣು, ಕೊನೆಗೆ ಬಾಟಲಿಯಲ್ಲಿ ಮಾರಾಟವಾಗುವ ನೀರು. ಕೆ.ಆರ್. ಪುರದ ಕಡೆಯಿಂದ ಬರುವ, ಮನೆಯಲ್ಲಿ ತೆಲುಗು ಆಡುವ ಹುಡುಗಿಯೊಬ್ಬಳು ತನ್ನ ಭಾಷೆಯ ಕವಿತೆಯನ್ನು ಕನ್ನಡ ನಾಡಿನಲ್ಲಿ ಇಂಗ್ಲಿಷಿನಲ್ಲಿ ಓದುತ್ತಾಳೆ. ‘ದಿ ವೋಟರ್’ ಓದಿದಾಗ ಬಂದ ಗದ್ದಲ ಇಲ್ಲಿ ಬರುವುದಿಲ್ಲ. ಎಲ್ಲರೂ ಪುಸ್ತಕ ನೋಡುತ್ತಾರೆ. ಕ್ಯಾನ್ ನೀರಿನ ಬೆಲೆ, ಟ್ಯಾಂಕರ್ ಬಾರದ ದಿನದ ಕಷ್ಟ, ಇವು ಬೇಗ ಬಾಯಿಗೆ ಬರುತ್ತವೆ. ಕೆಲಸದವರಿಗೆ ಬೇರೆ ಇಟ್ಟ ಲೋಟದ ವಿಷಯ ಬರುವುದಿಲ್ಲ.

ಈ ಕವಿತೆಯನ್ನು ಬೇಗ ಮುಗಿಸಿಬಿಡುವ ಅಧ್ಯಾಪಕರನ್ನು ನಾನು ನೋಡಿದ್ದೇನೆ. ಅವರ ಹೆದರಿಕೆ ಅರ್ಥವಾಗುತ್ತದೆ, ಒಂದು ಮಾತು ಹೆಚ್ಚು ಕಡಿಮೆಯಾದರೆ ಯಾವ ಮಗುವಿಗೆ ತಾಗುತ್ತದೋ. ಆದರೆ ಅಂತರ್‌ಸಾಂಸ್ಕೃತಿಕ ಎಂದರೆ ದೇಶ ದೇಶಗಳ ನಡುವಿನದು ಎಂದು ನಂಬಿ ಬರೆದ ವಿದೇಶದ ಪುಸ್ತಕಗಳನ್ನು ಇಲ್ಲಿ ಬದಿಗಿಡಬೇಕಾಗುತ್ತದೆ. ನಮ್ಮಲ್ಲಿ ಆ ಗಡಿ ಒಂದೇ ಭಾಷೆ, ಒಂದೇ ದೇವರು, ಒಂದೇ ಬೀದಿಯವರ ನಡುವೆಯೂ ಹಾದುಹೋಗುತ್ತದೆ. ಆ ಗಡಿಯ ಒಂದು ಬದಿಯ ಮಗುವಿಗೆ ಇನ್ನೊಂದು ಬದಿ ಪೂರ್ತಿ ಗೊತ್ತು, ಗೊತ್ತಿಲ್ಲದೆ ಅದು ಬದುಕಲಾರದು. ಕಲಿಯಬೇಕಾದವರು ಇನ್ನೊಂದು ಬದಿಯವರು. ಹಾಗಾಗಿ ‘ನಿಮ್ಮ ಅನುಭವ ಹೇಳಿ’ ಎಂದು ತರಗತಿಗೆ ಕೇಳುವುದು ಇಲ್ಲಿ ಕ್ರೌರ್ಯವಾಗಬಹುದು. ನೋವು ಉಂಡ ಮಗುವೇ ಮತ್ತೆ ಪಾಠವಾಗಿ ನಿಲ್ಲಬೇಕಾಗುತ್ತದೆ. ಕವಿತೆಯ ಉಪಕಾರ ಇರುವುದು ಇಲ್ಲಿ. ಸ್ವರೂಪರಾಣಿ ಆಗಲೇ ಹೇಳಿದ್ದಾರೆ, ತರಗತಿಯ ಯಾವ ಮಗುವೂ ತನ್ನನ್ನು ಬಿಚ್ಚಿ ತೋರಿಸಬೇಕಿಲ್ಲ. ಉಳಿದವರು ತಮ್ಮ ಮನೆಯ ಅಡುಗೆಮನೆ, ಬಚ್ಚಲು, ಹೊಸ್ತಿಲುಗಳನ್ನು ಮನಸ್ಸಿನಲ್ಲೇ ಒಂದು ಸುತ್ತು ಹೋಗಿ ಬಂದರೆ ಆ ಪಿರಿಯಡ್ ಸಾರ್ಥಕ. ಅವರು ಹೋಗಿ ಬಂದರೋ ಇಲ್ಲವೋ ಅಂಕ ಕೊಟ್ಟು ತಿಳಿಯಲಾಗದು.

ಅಂಕದ ಮಾತು ಬಂದ ಮೇಲೆ ಅದನ್ನೂ ಹೇಳಿಬಿಡಬೇಕು. ಅಂಗಡಿಗಳಲ್ಲಿ ಸಿಗುವ ಗೈಡುಗಳು, ಪರೀಕ್ಷೆ ಹತ್ತಿರ ಬಂದಾಗ ಕೈಯಿಂದ ಕೈಗೆ ಹೋಗುವ ‘ಪಾಸಿಂಗ್ ಪ್ಯಾಕೇಜ್’ಗಳು, ರೂಫಸ್ ಚೀಟಿ ಹರಿದದ್ದಕ್ಕೆ ಒಂದು ಕಾರಣ, ‘ವಾಟರ್’ ಕವಿತೆಗೆ ಒಂದು ಸಂದೇಶ, ಹೀಗೆ ಬರೆದುಕೊಟ್ಟಿರುತ್ತವೆ. ಇಂಗ್ಲಿಷಿನಲ್ಲಿ ಫೇಲಾಗುವ ಭಯದಲ್ಲಿ ಬದುಕುವ ಮಗು ಅದನ್ನು ಬಾಯಿಪಾಠ ಮಾಡಿದರೆ ತಪ್ಪು ಮಗುವಿನದಲ್ಲ. ಪಾಸಾಗುವುದು ಮುಖ್ಯ, ಅದನ್ನು ನಾನು ಎಂದೂ ಹಗುರವಾಗಿ ಕಾಣುವುದಿಲ್ಲ. ಆದರೆ ಪಠ್ಯ ಮಾಡಿದವರು ಟಾಲ್‌ಸ್ಟಾಯ್, ನೆರೂಡಾ, ಬೋರ್ಹೆಸ್, ಅಚಿಬೆ, ಕುವೆಂಪು, ಲಂಕೇಶರನ್ನು ಒಂದೇ ಪುಸ್ತಕದೊಳಗೆ ಕೂರಿಸುವಷ್ಟು ದೊಡ್ಡ ಮನಸ್ಸು ಮಾಡಿದ್ದರು. ಪ್ರಶ್ನೆಪತ್ರಿಕೆಗೂ ಅಷ್ಟೇ ದೊಡ್ಡ ಮನಸ್ಸು ಬೇಕು. ನಾಲ್ಕು ಅಂಕದ ಒಂದು ಪ್ರಶ್ನೆ ಸಾಕು: ರೂಫಸ್ ಆಣೆ ಉಳಿಸಿಕೊಂಡನೆಂದು ಯಾರು ಒಪ್ಪಬಹುದು, ಯಾರು ಒಪ್ಪಲಿಕ್ಕಿಲ್ಲ, ನಿಮಗೆ ಒಪ್ಪಿಗೆಯಿಲ್ಲದ ವಾದವನ್ನು ಅದನ್ನು ನಂಬುವವರು ಮೆಚ್ಚುವಂತೆ ಬರೆಯಿರಿ. ಮೌಲ್ಯಮಾಪನಕ್ಕೆ ಕಷ್ಟ ಎನ್ನುತ್ತಾರೆ, ನಿಜ. ಉತ್ತರಪತ್ರಿಕೆ ತಿದ್ದುವ ಕೇಂದ್ರಗಳಲ್ಲಿ ಕೂರುವ ನಾವು, ಬೇರೆ ಬೇರೆ ಮನೆಮಾತಿನ, ಬೇರೆ ಬೇರೆ ಜಾತಿ ಮತಗಳ ಅಧ್ಯಾಪಕರು, ಆ ಉತ್ತರಗಳನ್ನು ಓದಿ ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕಾಗುತ್ತದೆ. ಕೀ ಉತ್ತರ ಇಲ್ಲದೆ ಒಂದು ದಿನ ಹಾಗೆ ಕೂತು ನೋಡಲು ನಾನಂತೂ ಸಿದ್ಧ.